ಕಿಟ್ ಒಂದರಿಂದ ರೋಗ ತಡೆಯಲಾಗದು

ಸರ್ಕಾರಿ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಲೈಂಗಿಕ ರೋಗಗಳಿಗೆ ಬಣ್ಣದ ಕಿಟ್‌ಗಳಲ್ಲಿ ಔಷಧ ಕೊಡುತ್ತಾರೆ. ಬೂದು ಕಿಟ್ಟಿನಲ್ಲಿ ಅಜಿಥ್ರೋಮೈಸಿನ್, ಸೆಫಿಕ್ಸಿಮ್ ಇರುತ್ತವೆ. ಬಿಳಿಸೆರಗಿಗೆ ಹಸಿರು ಕಿಟ್, ಜನನಾಂಗದ ಹುಣ್ಣಿಗೆ ಬಿಳಿ ಕಿಟ್. ಲ್ಯಾಬ್ ವರದಿಗೆ ಕಾಯದೆ, ಲಕ್ಷಣ ನೋಡಿ ಅಂದೇ ಚಿಕಿತ್ಸೆ ಕೊಡುವ ಪದ್ಧತಿಯಿದು. ಬೆಳಗಾವಿ ಜಿಲ್ಲೆಯ ಸಿರಸಂಗಿಯಂಥ ಊರಿಗೆ ಇದು ದೊಡ್ಡ ಅನುಕೂಲ. ಕೂಲಿ ಬಿಟ್ಟು, ಮನೆಯವರಿಗೆ ಏನೋ ನೆಪ ಹೇಳಿ ಸವದತ್ತಿಯ ಬಸ್ಸು ಹತ್ತಿದ ಹೆಣ್ಣುಮಗಳಿಗೆ ‘ವಾರ ಬಿಟ್ಟು ಬಾರವ್ವ’ ಎಂದರೆ ಆಕೆ ಮತ್ತೆ ಬರುವುದು ಕಷ್ಟ.

ಆದರೆ ಲಕ್ಷಣವೇ ಇಲ್ಲದವರನ್ನು ಈ ಪದ್ಧತಿ ಗುರುತಿಸಲಾರದು. ಕ್ಲಮೈಡಿಯಾ, ಗೊನೊರಿಯಾ ಹೆಂಗಸರಲ್ಲಿ ಬಹಳ ಸಲ ಯಾವ ಸುಳಿವನ್ನೂ ಕೊಡದೆ ಗರ್ಭನಾಳ ಕೆಡಿಸಿ ಬಂಜೆತನ ತರಬಲ್ಲವು. ಇತ್ತ ಬಿಳಿ ಹೋಗುವುದೆಲ್ಲ ಲೈಂಗಿಕ ರೋಗವೂ ಅಲ್ಲ. ಹಾಗೆಂದು ಬಿಡಿಸಿ ಹೇಳದಿದ್ದರೆ ಗಂಡನ ಅನುಮಾನಕ್ಕೆ ಬಲಿಯಾಗುವವಳು ಹೆಂಡತಿಯೇ.

ಕಿಟ್ಟಿನಾಚೆಗೂ ಕೆಲಸವಾದರೆ ಏನಾಗುತ್ತದೆ ಎಂಬುದಕ್ಕೆ ಬೆಳಗಾವಿ ಜಿಲ್ಲೆಯೇ ಸಾಕ್ಷಿ. ಗೇಟ್ಸ್ ಪ್ರತಿಷ್ಠಾನ 2003ರಲ್ಲಿ ಆರಂಭಿಸಿದ ‘ಆವಾಹನ್’ ಯೋಜನೆಯಲ್ಲಿ ಲೈಂಗಿಕ ವೃತ್ತಿಯ ಮಹಿಳೆಯರೇ ತಮ್ಮ ಗೆಳತಿಯರಿಗೆ ಕಾಂಡೋಮ್ ಮುಟ್ಟಿಸಿದರು, ತಪಾಸಣೆಗೆ ಜೊತೆಗೆ ಕರೆದೊಯ್ದರು, ಸಂಘ ಕಟ್ಟಿದರು. ಬೆಳಗಾವಿಯೂ ಸೇರಿದಂತೆ ರಾಜ್ಯದ ಐದು ಜಿಲ್ಲೆಗಳಲ್ಲಿ ಈ ಮಹಿಳೆಯರ ನಡುವೆ ನಡೆದ ಎರಡು ಸಮೀಕ್ಷೆಗಳ ಪ್ರಕಾರ ಸಕ್ರಿಯ ಸಿಫಿಲಿಸ್ ಸೋಂಕು ಶೇ. 5.9ರಿಂದ 3.4ಕ್ಕೆ, ಎಚ್‌ಐವಿ ಶೇ. 19.6ರಿಂದ 16.4ಕ್ಕೆ ಇಳಿದಿತ್ತು. ಸವದತ್ತಿಯ ಎಲ್ಲಮ್ಮನ ಗುಡ್ಡದ ಸೀಮೆಯಲ್ಲಿ ಈ ವೃತ್ತಿಗೆ ದೂಡಲ್ಪಟ್ಟ ದೇವದಾಸಿಯರನ್ನು ರೋಗದ ಮೂಲವೆಂದು ದೂರುತ್ತಿದ್ದವರಿಗೆ ಇದು ತಕ್ಕ ಉತ್ತರ: ಗೌರವದಿಂದ ನಡೆಸಿಕೊಂಡಾಗ ರೋಗ ತಡೆಯುವ ಮುಂದಾಳುಗಳೂ ಇಂಥ ಹೆಣ್ಣುಮಕ್ಕಳೇ ಆಗಬಲ್ಲರು.

ಈ ಎಲ್ಲ ಪ್ರಯತ್ನಗಳಲ್ಲೂ ಕಾಣದವನು ಗಂಡಸು. ಹೆಂಡತಿಗೆ ಔಷಧ ಕೊಟ್ಟು ಗಂಡನನ್ನು ಬಿಟ್ಟರೆ ಸೋಂಕು ಮರಳಿ ಅವಳಿಗೇ ಅಂಟುತ್ತದೆ. ಸಂಗಾತಿಗೂ ಚಿಕಿತ್ಸೆಯಾಗಬೇಕೆಂಬ ನಿಯಮವೇನೋ ಇದೆ. ಆದರೆ ದುಡಿಯಲು ಗೋವಾಕ್ಕೆ ಹೋಗಿ ಹಬ್ಬಕ್ಕೆ ಬರುವ ಗಂಡನಿಗೆ ‘ನೀವೂ ತೋರಿಸಿಕೊಳ್ಳಿ’ ಎನ್ನುವ ಹೊಣೆಯನ್ನು ಮನೆಯಲ್ಲಿ ಮಾತೇ ನಡೆಯದವಳ ಮೇಲೆ ಹೊರಿಸಿದ್ದೇವೆ. ಇದು ಪದ್ಧತಿಯ ಅತಿ ದೊಡ್ಡ ಲೋಪ.

ಗಂಡನಿಗೆ ಹೇಳಬೇಕಾದ ಆ ಮಾತನ್ನು ಆರೋಗ್ಯ ಇಲಾಖೆಯೇ ಆಡಬೇಕು. ಬಸುರಿಯ ಸಿಫಿಲಿಸ್ ರಕ್ತಪರೀಕ್ಷೆಯ ದಿನವೇ ಗಂಡನನ್ನೂ ಕರೆಸಿ ಪರೀಕ್ಷಿಸಲಿ. ಗಂಡಸರೊಡನೆ ಮುಚ್ಚುಮರೆಯಿಲ್ಲದೆ ಮಾತಾಡಬಲ್ಲ ಪುರುಷ ಆಪ್ತಸಮಾಲೋಚಕರನ್ನು ಊರೂರಿಗೆ ಕಳಿಸಲಿ. ಗಂಡಸರು ಕ್ಲಿನಿಕ್‌ನ ಮೆಟ್ಟಿಲು ಹತ್ತದ ತನಕ ಹೆಂಗಸರಿಗೆ ಎಷ್ಟು ಕಿಟ್ ಹಂಚಿದರೂ ರೋಗದ ಸರಪಳಿ ಕಡಿಯದು.