ಕಿಟಕಿಯ ಚೆಲುವು, ಅಕ್ಷರದ ಪಾಡು

ಕಂಪ್ಯೂಟರಿಗೆ ಹೊಸ ಆಪರೇಟಿಂಗ್ ಸಿಸ್ಟಂ ಬರುತ್ತಿದೆ ಎಂದಾಗಲೆಲ್ಲ ಮಾತು ಅದರ ಚೆಲುವಿನ ಸುತ್ತಲೇ ಸುಳಿಯುತ್ತದೆ. 2007ರಲ್ಲಿ ವಿಂಡೋಸ್ ವಿಸ್ಟಾ ಬಂದಾಗ ‘ಏರೋ’ ಎಂಬ ಗಾಜಿನಂಥ ಚೌಕಟ್ಟನ್ನು ಮೆರೆಸಲಾಯಿತು. 2012ರ ವಿಂಡೋಸ್ 8 ಆ ಗಾಜನ್ನು ತೆಗೆದುಹಾಕಿತು. 2025ರಲ್ಲಿ ಆಪಲ್ ಕಂಪನಿ ಮ್ಯಾಕ್‌ಓಎಸ್ ತಾಹೋದಲ್ಲಿ ‘ಲಿಕ್ವಿಡ್ ಗ್ಲಾಸ್’ ಎಂದು ಮತ್ತೆ ಗಾಜನ್ನೇ ತಂದಿತು. ಅಕ್ಷರ ಸರಿಯಾಗಿ ಕಾಣುತ್ತಿಲ್ಲ ಎಂಬ ದೂರುಗಳೆದ್ದವು. ಅದೇ ವರ್ಷ ಗಾಜನ್ನು ಮಬ್ಬಾಗಿಸುವ ಆಯ್ಕೆಯನ್ನೂ ಸೇರಿಸಬೇಕಾಯಿತು.

ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಜಾಲಂಧ್ರಗಳನ್ನು ನೋಡಿದವರಿಗೆ ಕಿಟಕಿಯ ಚೆಲುವು ಏನೆಂದು ಬಿಡಿಸಿ ಹೇಳಬೇಕಿಲ್ಲ. ಬಳಪದ ಕಲ್ಲಿನಲ್ಲಿ ಕೊರೆದ ಆ ರಂಧ್ರಗಳು ಅಲಂಕಾರವೂ ಹೌದು, ಒಳಗೆ ಬೆಳಕು ಬರುವ ದಾರಿಯೂ ಹೌದು. ಅಲ್ಲಿ ಚೆಲುವು ಬೆಳಕಿಗೆ ಅಡ್ಡ ಬರುವುದಿಲ್ಲ.

ಕಂಪ್ಯೂಟರಿನ ಕಿಟಕಿಗೆ ಅಕ್ಷರವೇ ಬೆಳಕು. ಕನ್ನಡಕ್ಕೆ ‘ತುಂಗಾ’ ಅಕ್ಷರಮಾದರಿ 2001ರ ವಿಂಡೋಸ್ ಎಕ್ಸ್‌ಪಿಯೊಂದಿಗೆ ಬಂತು. ಉರ್ದುವಿನ ಇಳಿಜಾರು ನಸ್ತಾಲೀಕ್ ಬರಹ ವಿಂಡೋಸ್‌ನೊಳಗೇ ಸಿಗಲು 2012ರವರೆಗೆ ಕಾಯಬೇಕಾಯಿತು. ಗಾಜು ಹೋದ ವರ್ಷವೇ ಅದು ಬಂತು. ಗಾಜು ಹೋದದ್ದಕ್ಕೆ ಮರುಗಿದವರ ಮಾತು ಕೇಳಿಬಂದಷ್ಟು ಅಕ್ಷರ ಬಂದ ಸಂತಸ ಕೇಳಿಬರಲಿಲ್ಲ. ಉರ್ದು, ಕನ್ನಡ ಎರಡರಲ್ಲೂ ಓದು ಕಲಿತ ನಮಗೆ ಇದು ಸಣ್ಣ ಸಂಗತಿಯಲ್ಲ. ಒಂದು ನುಡಿಯ ಬರಹಕ್ಕೆ ಅದರದೇ ರೂಪ ಸಿಗದಿದ್ದರೆ ಆ ನುಡಿಯ ಮಕ್ಕಳು ಪರದೆಯ ಮುಂದೆ ಪರಕೀಯರಾಗುತ್ತಾರೆ.

ಮುಂದಿನ ಆವೃತ್ತಿಯನ್ನು ನಾವೂ ಕುತೂಹಲದಿಂದಲೇ ಕಾಯುತ್ತೇವೆ. ಆದರೆ ಬಂದ ದಿನ ಮೊದಲು ನೋಡುವುದು ನೆರಳು, ಹೊಳಪುಗಳನ್ನಲ್ಲ. ‘ಸ್ತ್ರೀ’ ಎಂದು ಬರೆದರೆ ಕೆಳಗಿನ ಒತ್ತುಗಳು ಕತ್ತರಿಸಿ ಹೋಗುವುದಿಲ್ಲವೇ? ಉರ್ದುವಿನ ಸಾಲು ಗುಂಡಿಯ ಅಂಚಿಗೆ ತಲೆ ಬಡಿಯುವುದಿಲ್ಲವೇ? ಇವೆರಡನ್ನು ಗೆದ್ದ ವಿನ್ಯಾಸವನ್ನಷ್ಟೇ ನಾವು ಚೆಲುವೆನ್ನಬಲ್ಲೆವು.