ಹ್ಯಾಮ್ ರೇಡಿಯೊಗೆ ಎರೆಭೂಮಿಯೇ ಸರಿ

ಹ್ಯಾಮ್ ರೇಡಿಯೊ ಎಂದರೆ ಬೆಂಗಳೂರಿನವರ ಹವ್ಯಾಸ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. ಹಳೆಯ ಕ್ಲಬ್ಬುಗಳು, ತರಬೇತಿ, ಬಿಡಿಭಾಗಗಳ ಅಂಗಡಿ ಎಲ್ಲವೂ ಅಲ್ಲಿವೆ, ನಿಜ. ಆದರೆ ಈ ಹವ್ಯಾಸ ಮೊದಲು ಕೇಳುವುದು ಜಾಗವನ್ನು, ಆಮೇಲೆ ಗದ್ದಲವಿಲ್ಲದ ಆಕಾಶವನ್ನು. ಎರಡೂ ನವಲಗುಂದ, ಅಣ್ಣಿಗೇರಿಯ ಎರೆಹೊಲಗಳಲ್ಲಿ ಧಾರಾಳವಾಗಿವೆ. 7 ಮೆಗಾಹರ್ಟ್ಸ್ ಬ್ಯಾಂಡಿನ ಡೈಪೋಲ್ ಆಂಟೆನಾ ಎಂದರೆ ಸುಮಾರು 20 ಮೀಟರ್ ತಾಮ್ರದ ತಂತಿ, ಅಷ್ಟೇ. ನಟ್ಟನಡುವೆ ಕತ್ತರಿಸಿ, ಎರಡು ತುಂಡುಗಳಿಗೆ ಕೋಆಕ್ಸಿಯಲ್ ಕೇಬಲ್ ಬೆಸೆದು, ಕಣದ ಬದಿಯ ಎರಡು ಬೇವಿನ ಮರಗಳಿಗೆ ಬಿಗಿದರೆ ಕೆಲಸ ಮುಗಿಯಿತು. ಏಳೆಂಟು ಮೀಟರ್ ಎತ್ತರ ಸಾಕು. ಅಲೆ ನೆಟ್ಟಗೆ ಮೇಲೇರಿ, ಅಯಾನುಗೋಳದಿಂದ ಮರಳಿ, ಹಗಲಿನಲ್ಲಿ ಮುನ್ನೂರು ನಾನೂರು ಕಿಲೋಮೀಟರ್ ಆಸುಪಾಸಿಗೆಲ್ಲ ಇಳಿಯುತ್ತದೆ. ನಗರದ ಅಪಾರ್ಟ್‌ಮೆಂಟಿನಲ್ಲಿ ಇಷ್ಟುದ್ದದ ತಂತಿ ಕಟ್ಟಲು ಜಾಗವೆಲ್ಲಿ? ಹಳ್ಳಿಯಲ್ಲೂ ಪಂಪ್‌ಸೆಟ್ಟಿನ ಸ್ಟಾರ್ಟರ್, ಸಡಿಲಾದ ವಿದ್ಯುತ್ ತಂತಿಯ ಕಿಡಿ ಕರಕರ ಎನ್ನುತ್ತವೆ. ಆದರೆ ಕರೆಂಟು ಹೋದೊಡನೆ ಆ ಸದ್ದು ಅಡಗಿ, ಅದರಡಿ ಹೂತಿದ್ದ ದೂರದ ದನಿ ಸ್ಪಷ್ಟವಾಗುತ್ತದೆ. ಸಣ್ಣ ಸೆಟ್ಟಿಗೆ ಟ್ರ್ಯಾಕ್ಟರಿನ 12 ವೋಲ್ಟ್ ಬ್ಯಾಟರಿಯೇ ಆಗುತ್ತದೆ.

ಕೈಯಲ್ಲಿ ಮೊಬೈಲ್ ಇರುವಾಗ ಇದೇಕೆ ಎಂದು ಕೇಳುವವರಿದ್ದಾರೆ. 2004ರ ಸುನಾಮಿಯಲ್ಲಿ ಅಂಡಮಾನಿನ ಸಂಪರ್ಕ ಕಡಿದಾಗ, ಅದೇ ಹೊತ್ತಿಗೆ ಪೋರ್ಟ್ ಬ್ಲೇರಿನಲ್ಲಿದ್ದ ಹ್ಯಾಮ್ ಭಾರತಿ ಪ್ರಸಾದ್ ಮತ್ತು ಸಂಗಡಿಗರು ಸುದ್ದಿ ಮುಟ್ಟಿಸಿದ್ದು ಈ ಅಲೆಗಳ ಮೇಲೆಯೇ. 2019ರ ಆಗಸ್ಟಿನಲ್ಲಿ ಬೆಣ್ಣಿಹಳ್ಳ, ತುಪ್ಪರಿಹಳ್ಳಗಳು ಉಕ್ಕಿದ್ದನ್ನು ಕಂಡ ನಮಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ. ಆದರೂ ವಿಪತ್ತನ್ನಷ್ಟೇ ಕಾರಣವಾಗಿ ಮುಂದಿಡುವುದು ನನಗೆ ಒಪ್ಪಿಗೆಯಿಲ್ಲ. ನೆರೆಗಾಗಿ ಕಾಯುತ್ತ ಯಾರೂ ಹವ್ಯಾಸ ಬೆಳೆಸುವುದಿಲ್ಲ. ಮೊಬೈಲಿನಲ್ಲಿ ಮಾತು ತಲುಪಿತೆಂಬುದು ಮಾತ್ರ ಗೊತ್ತಾಗುತ್ತದೆ, ಹೇಗೆಂಬುದಲ್ಲ. ಇಲ್ಲಿ ಆ ‘ಹೇಗೆ’ ಎಂಬುದೇ ಮನುಷ್ಯನನ್ನು ಕಡೆತನಕ ಹಿಡಿದಿಡುತ್ತದೆ. ಸೂರ್ಯನ ಕಲೆಗಳು ಸುಮಾರು 11 ವರ್ಷಕ್ಕೊಮ್ಮೆ ಏರಿಳಿದಂತೆ ಮೇಲಿನ ಬ್ಯಾಂಡುಗಳು ತೆರೆದು ಮುಚ್ಚುತ್ತವೆ. ಹನ್ನೆರಡಕ್ಕೆ ಶುರುಮಾಡಿದವರು ಅರವತ್ತೇಳಕ್ಕೆ ಬರುವಾಗ ಐದೇ ಸುತ್ತು ಕಂಡಿರುತ್ತಾರೆ.

ಪರೀಕ್ಷೆ ಕಷ್ಟ ಎಂಬ ಮಾತು ಮಾತ್ರ ನಿಲ್ಲುವುದಿಲ್ಲ. ಕೇಂದ್ರ ಸರ್ಕಾರದ ಪರವಾನಗಿ ಪರೀಕ್ಷೆಗೆ 12 ವರ್ಷ ತುಂಬಿದ್ದರೆ ಸಾಕು. ಮೊದಲ ಹಂತವಾದ ರಿಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್ ಬೇಡ, ಮೂಲ ಎಲೆಕ್ಟ್ರಾನಿಕ್ಸ್ ಮತ್ತು ನಿಯಮಗಳು ಗೊತ್ತಿರಬೇಕು. ನಿಮಿಷಕ್ಕೆ 8 ಪದಗಳ ಮೋರ್ಸ್ ಕೇಳುವುದು ಜನರಲ್ ದರ್ಜೆ. ಕುಂದಗೋಳ, ಕಲಘಟಗಿಯ ವಿಜ್ಞಾನ ಶಿಕ್ಷಕರು ಈ ವರ್ಷ ನಾಲ್ಕು ಮಕ್ಕಳನ್ನಾದರೂ ಆ ಪರೀಕ್ಷೆಗೆ ಕೂರಿಸಲಿ.