ತುಕ್ಕು ಬಂದ ದಾರಿ: ಪುಟ್ಟ ಗಾಡಿಗಳನ್ನು ನೋಡುವ ಬಗೆ

ಸ್ಕೇಲ್ ಮಾಡೆಲ್ ಕಾರು, ಲಾರಿಗಳನ್ನು ಮೊದಲ ಸಲ ಕಂಡವರ ಬಾಯಲ್ಲಿ ಬರುವುದು ಎರಡೇ ಮಾತು. ಒಂದು, ‘ಎಷ್ಟು ಚಿಕ್ಕದು!’ ಇನ್ನೊಂದು, ‘ಥೇಟ್ ನಿಜವಾದದ್ದರ ಹಾಗೇ ಇದೆ!’ ಎರಡೂ ಸರಿಯೇ. ಆದರೆ ಪ್ರದರ್ಶನದಲ್ಲಿ ಅಷ್ಟು ಹೇಳಿ ಮುಂದಿನ ಮೇಜಿಗೆ ಹೋಗಿಬಿಟ್ಟರೆ ನೋಡಬೇಕಾದ್ದು ಹಿಂದೆಯೇ ಉಳಿಯುತ್ತದೆ. ಈ ಕಲೆಯಲ್ಲಿ, ಅದರಲ್ಲೂ ಗಾಡಿಗೆ ಹಳತನ ತರುವ ‘ವೆದರಿಂಗ್’ ಕೆಲಸದಲ್ಲಿ, ಕೇಳಬೇಕಾದ ಪ್ರಶ್ನೆ ಬೇರೆ: ಈ ಗುರುತು ಇಲ್ಲಿಗೆ ಹೇಗೆ ಬಂತು? ತುಕ್ಕು, ಗೀರು, ಎಣ್ಣೆಯ ಜಿಡ್ಡು ಪ್ರತಿಯೊಂದಕ್ಕೂ ನೀರೋ ಬಿಸಿಲೋ ರಸ್ತೆಯೋ ಮನುಷ್ಯನ ಕೈಯೋ ಕಾರಣವಾಗಿರಬೇಕು. ಕಾರಣ ಕಂಡರೆ ಅದು ಒಳ್ಳೆಯ ಕೆಲಸ. ಕಾಣದಿದ್ದರೆ ಅದು ಬರೀ ಕೊಳೆ.

ಮೊದಲು ಅಳತೆಯ ಮಾತು ಮುಗಿಸಿಬಿಡೋಣ. ಕಾರು, ಲಾರಿಗಳ ಕಿಟ್‌ಗಳು ಹೆಚ್ಚಾಗಿ ಬರುವುದು 1/24 ಅಥವಾ 1/25 ಅಳತೆಯಲ್ಲಿ. 1/24 ಅಂದರೆ ನಿಜದ ಒಂದು ಅಡಿಗೆ ಮಾಡೆಲ್‌ನಲ್ಲಿ ಅರ್ಧ ಇಂಚು. ನಾಲ್ಕೂಕಾಲು ಮೀಟರಿಗೆ ತುಸು ಮೇಲಿದ್ದ ನಮ್ಮ ಅಂಬಾಸಿಡರ್ ಈ ಲೆಕ್ಕದಲ್ಲಿ ಸುಮಾರು 18 ಸೆಂಟಿಮೀಟರ್ ಆಗುತ್ತದೆ. 1/25 ಅಮೆರಿಕದ ರೂಢಿ. ಅಲ್ಲಿನ ಕಾರ್ ಕಂಪನಿಗಳು ಹೊಸ ವರ್ಷದ ಕಾರುಗಳ ಪುಟ್ಟ ಪ್ಲಾಸ್ಟಿಕ್ ಮಾದರಿಗಳನ್ನು ಷೋರೂಮಿನಲ್ಲಿ ಇಡುತ್ತಿದ್ದವು. ಅವನ್ನು ತಯಾರಿಸುತ್ತಿದ್ದ ಎಎಂಟಿಯಂಥವರೇ ಮುಂದೆ ಮನೆಯಲ್ಲಿ ಜೋಡಿಸುವ ಕಿಟ್‌ಗಳನ್ನೂ ಮಾರಿದರು. ಯೂರೋಪಿನ ಸ್ಕಾನಿಯಾ, ವೋಲ್ವೊ ಲಾರಿಗಳು ಬೇಕೆಂದರೆ ಇಟಲಿಯ ಇಟಾಲೆರಿಯ 1/24 ಕಿಟ್‌ಗಳಿವೆ. ನುಣುಪಾದ ಕಾರುಗಳಿಗೆ ಜಪಾನಿನ ತಮಿಯಾ ಹೆಸರುವಾಸಿ.

ಇಷ್ಟು ಲೆಕ್ಕ ಕೊಟ್ಟಿದ್ದಕ್ಕೆ ಕಾರಣವಿದೆ. 1/24 ಗಾಡಿಯ ಮೇಲೆ ಒಂದು ಮಿಲಿಮೀಟರ್ ಅಗಲಕ್ಕೆ ಬಣ್ಣ ಕಿತ್ತಂತೆ ತೋರಿಸಿದರೆ, ನಿಜದ ಲಾರಿಯಲ್ಲಿ ಅದು ಎರಡೂವರೆ ಸೆಂಟಿಮೀಟರಿನ ಹತ್ತಿರ ಬಂತು. ಬಾಗಿಲಿನ ಅಂಚಿಗೆ ಕಲ್ಲು ಸಿಡಿದು ಆದ ಗಾಯ ಅಷ್ಟು ದೊಡ್ಡದಿರುತ್ತದೆಯೇ? ಬಣ್ಣದ ಪದರ ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ದಪ್ಪವಾದರೂ ಆ ಲೆಕ್ಕದಲ್ಲಿ ಅದು ಎರಡು ಮಿಲಿಮೀಟರಿಗೂ ಮೇಲೆ. ಹಾಗಾದಾಗ ಬಾಗಿಲಿನ ಸುತ್ತಲ ಸಂದುಗಳು ತುಂಬಿಹೋಗಿ, ಬಾಗಿಲು ಮೈಗೆ ಅಂಟಿಕೊಂಡಂತೆ ಕಾಣುತ್ತದೆ. ಹೀಗಾಗಿ ಕೊಳೆಯನ್ನು ಮೆಚ್ಚುವ ಮೊದಲು ಅದರ ಅಡಿಯ ಕೆಲಸ ನೋಡಿ. ಅಚ್ಚಿನ ಎರಡು ಭಾಗ ಸೇರಿದ ಕಡೆ ಉಳಿಯುವ ಗೆರೆಯನ್ನು ಉಜ್ಜಿ ತೆಗೆದಿದ್ದಾರೆಯೇ? ಎಲ್ಲ ಚಕ್ರಗಳೂ ನೆಲ ಮುಟ್ಟಿವೆಯೇ? ಗಾಜಿನ ಮೇಲೆ ಅಂಟಿನ ಮಬ್ಬು ಉಳಿದಿದೆಯೇ? ಕೆಟ್ಟ ಜೋಡಣೆಯನ್ನು ಕೆಸರಿನಿಂದ ಮುಚ್ಚುವವರು ಇದ್ದಾರೆ. ಆ ಕೆಸರು ಬಹಳ ಹೊತ್ತು ಕಣ್ಣು ತಪ್ಪಿಸಲಾರದು.

ಇನ್ನು ನೋಡುವ ಎತ್ತರ. ನಿಂತುಕೊಂಡು ಮೇಲಿನಿಂದ ನೋಡಿದರೆ ನಿಮಗೆ ಸಿಗುವುದು ಹದ್ದಿನ ನೋಟ. ಐದೂವರೆ ಅಡಿ ಎತ್ತರದ ಮನುಷ್ಯ 1/24ರಲ್ಲಿ ಏಳು ಸೆಂಟಿಮೀಟರ್ ಆಗುತ್ತಾನೆ. ಮೊಣಕಾಲೂರಿ, ಕಣ್ಣನ್ನು ಮೇಜಿನಿಂದ ಅಷ್ಟೇ ಎತ್ತರಕ್ಕೆ ತನ್ನಿ. ರಸ್ತೆ ಬದಿಯಲ್ಲಿ ನಿಂತವನಿಗೆ ಲಾರಿ ಹೇಗೆ ಕಾಣುತ್ತದೋ ಹಾಗೆ ಕಾಣತೊಡಗುತ್ತದೆ. ನನಗಂತೂ ಮಾಡೆಲ್ ನಿಜವಾಗಿ ದೊಡ್ಡದಾಗುವುದು ಆ ಕ್ಷಣದಲ್ಲೇ.

ಆ ಎತ್ತರದಿಂದ ನೀರಿನ ಜಾಡು ಹಿಡಿಯಿರಿ. ತುಕ್ಕು ಎಲ್ಲೆಂದರಲ್ಲಿ ಹುಟ್ಟುವುದಿಲ್ಲ, ನೀರು ನಿಲ್ಲುವಲ್ಲಿ ಹುಟ್ಟುತ್ತದೆ. ಬಾಗಿಲಿನ ಕೆಳಅಂಚು, ಚಕ್ರದ ಮೇಲಿನ ಕಮಾನಿನ ಒಳಮೈ, ಬೆಸುಗೆಯ ಸಾಲು, ಗಾಜಿನ ರಬ್ಬರಿನ ಅಡಿ, ಇವೆಲ್ಲ ಅದರ ಮನೆಗಳು. ಅಲ್ಲಿಂದ ಮಳೆನೀರಿನ ಜೊತೆ ಕೆಳಕ್ಕೆ ಇಳಿಯುತ್ತದೆ. ಹೊಸ ತುಕ್ಕಿಗೆ ಕಿತ್ತಳೆ ಬಣ್ಣ, ಹಳೆಯದಕ್ಕೆ ಕಪ್ಪಿಗೆ ತಿರುಗಿದ ಕಂದು. ಒಂದೇ ಡಬ್ಬಿಯ ಕಿತ್ತಳೆಯನ್ನು ಮೈತುಂಬ ಬಳಿದಿದ್ದರೆ ಮಾಡಿದವರು ಬಣ್ಣ ನೋಡಿದ್ದಾರೆ, ತುಕ್ಕು ನೋಡಿಲ್ಲ. ಲೋಹವೂ ಮುಖ್ಯ. ಅಮೆರಿಕದ ಪೀಟರ್‌ಬಿಲ್ಟ್, ಕೆನ್‌ವರ್ತ್ ಲಾರಿಗಳ ಅಲ್ಯೂಮಿನಿಯಂ ಕ್ಯಾಬಿನ್‌ಗೆ ಕೆಂಪು ತುಕ್ಕು ಹಿಡಿಸಿದರೆ ಅದು ಸುಳ್ಳು. ಫೈಬರ್ ಬಾನೆಟ್ಟಿನದೂ ಅದೇ ಕಥೆ.

ಆಮೇಲೆ ಬಿಸಿಲು. ಅದು ಮೇಲಿಂದ ಬೀಳುವುದರಿಂದ ಬಾನೆಟ್ಟು, ಮಾಡುಗಳ ಬಣ್ಣ ಮೊದಲು ಮಾಸುತ್ತದೆ; ಪಕ್ಕಗಳು ಇನ್ನಷ್ಟು ಕಾಲ ತಡೆಯುತ್ತವೆ. ಧೂಳಿನ ದಾರಿ ಇದಕ್ಕೆ ತಿರುಗುಮುರುಗು. ಚಕ್ರ ಎರಚಿದ್ದು ಕೆಳಗಿನಿಂದ ಮೇಲಕ್ಕೆ ತೆಳುವಾಗುತ್ತಾ ಹೋಗುತ್ತದೆ. ಗಾಳಿ ಸುಳಿದು ಹಿಂಬದಿಯ ಮೇಲೆ ಕೂರಿಸಿದ ಪದರ ದಪ್ಪ. ಮುಂಗಾಜಿನಲ್ಲಿ ವೈಪರ್ ಒರೆಸಿದಷ್ಟು ಜಾಗ ಮಾತ್ರ ಸ್ವಚ್ಛ.

ಮನುಷ್ಯನ ಕೈ ಬಿಟ್ಟುಹೋದ ಗುರುತುಗಳು ನನಗೆ ಎಲ್ಲಕ್ಕಿಂತ ಪ್ರಿಯ. ಡ್ರೈವರ್ ಹತ್ತುವ ಮೆಟ್ಟಿಲಿನಲ್ಲಿ ತುಕ್ಕು ನಿಲ್ಲುವುದಿಲ್ಲ, ಚಪ್ಪಲಿ ತಿಕ್ಕಿ ತಿಕ್ಕಿ ಲೋಹ ಹೊಳೆಯುತ್ತದೆ. ಜಲ್ಲಿ ಸುರಿಯುವ ಟಿಪ್ಪರಿನ ತಳವೂ ಹಾಗೆಯೇ. ಡೀಸೆಲ್ ಟ್ಯಾಂಕಿನ ಮುಚ್ಚಳದ ಕೆಳಗೆ ಕಪ್ಪು ಜಿಡ್ಡು ಇಳಿದು, ಅದಕ್ಕೆ ಧೂಳು ಮೆತ್ತಿರುತ್ತದೆ. ಬಸ್ಸಾದರೆ ಬಾಗಿಲಿನ ಕಂಬಿಯ ಬಣ್ಣ ಎದೆಮಟ್ಟದಲ್ಲಿ ಮಾತ್ರ ಸವೆದಿರುತ್ತದೆ. ಘಾಟಿಯ ಬಸ್ಸಿನಲ್ಲಿ ಕಿಟಕಿಯಿಂದ ಕೆಳಕ್ಕಿಳಿದ ಗೆರೆಗಳು ಏಕೆ ಬಂದವೆಂದು ಚಾರ್ಮಾಡಿ, ಆಗುಂಬೆ ಹತ್ತಿದವರಿಗೆ ಹೇಳಬೇಕಾಗಿಲ್ಲ.

ಇದನ್ನೆಲ್ಲ ಮಾಡುವುದು ಹೇಗೆಂದು ಸ್ವಲ್ಪ ತಿಳಿದಿದ್ದರೆ ನೋಟ ಹರಿತವಾಗುತ್ತದೆ. ಎಣ್ಣೆಬಣ್ಣವನ್ನು ತೀರ ನೀರಾಗಿಸಿ ಸಂದುಗಳಿಗೆ ಹರಿಯಬಿಡುವುದು ‘ವಾಷ್’. ಕುಂಚದ ಬಣ್ಣವನ್ನೆಲ್ಲ ಬಟ್ಟೆಗೆ ಒರೆಸಿ, ಉಳಿದ ಪಸೆಯಲ್ಲಿ ಉಬ್ಬುಗಳನ್ನಷ್ಟೇ ಸವರುವುದು ‘ಡ್ರೈ ಬ್ರಷ್’. ಈ ಎರಡನ್ನೂ ಹವ್ಯಾಸಿಗಳ ನಡುವೆ ಹರಡಿದವರಲ್ಲಿ ಬೆಲ್ಜಿಯಂನ ಫ್ರಾಂಸ್ವಾ ವೆರ್ಲಿಂಡೆನ್ ದೊಡ್ಡ ಹೆಸರು. ಒಣ ಬಣ್ಣದ ಪುಡಿ ಧೂಳಾಗುತ್ತದೆ. ಇವೆಲ್ಲಕ್ಕಿಂತ ಸೊಗಸಾದದ್ದು ಹೇರ್‌ಸ್ಪ್ರೇ ವಿಧಾನ. ಮೊದಲು ತುಕ್ಕಿನ ಬಣ್ಣ, ಅದು ಕದಲದಂತೆ ಒಂದು ವಾರ್ನಿಶ್, ಅದರ ಮೇಲೆ ತಲೆಗೂದಲಿಗೆ ಹಾಕುವ ಸ್ಪ್ರೇ, ಕೊನೆಗೆ ಗಾಡಿಯ ಅಕ್ರಿಲಿಕ್ ಬಣ್ಣ. ಒಣಗಿದ ಮೇಲೆ ನೀರು ಸವರಿ ಬಿರುಸು ಕುಂಚದಿಂದ ಮೆಲ್ಲಗೆ ತಿಕ್ಕಿದರೆ ಸ್ಪ್ರೇ ಕರಗಿ ಮೇಲಿನ ಬಣ್ಣ ಚೂರುಚೂರಾಗಿ ಏಳುತ್ತದೆ, ಅಡಿಯ ತುಕ್ಕು ಇಣುಕುತ್ತದೆ. ತುಕ್ಕನ್ನು ಮೇಲೆ ಬರೆದದ್ದಲ್ಲ, ಬಣ್ಣವನ್ನೇ ಕಿತ್ತದ್ದು. ಆದ್ದರಿಂದ ಅಂಚುಗಳು ನಿಜದಲ್ಲಿ ಇರುವಂತೆಯೇ ಅಂಕುಡೊಂಕಾಗಿರುತ್ತವೆ. ಹರಳುಪ್ಪಿನಿಂದಲೂ ಇದನ್ನು ಸಾಧಿಸುವವರಿದ್ದಾರೆ.

ಮಾಡೆಲ್‌ಗೆ ಕೊಳೆ ಬಳಿಯುವ ಈ ವಿದ್ಯೆ ಕಾರು ಕಟ್ಟುವವರಲ್ಲಿ ಹುಟ್ಟಿದ್ದಲ್ಲ. ಅಮೆರಿಕದ ಮಾಂಟೆರೆಯಲ್ಲಿ ಜಾನ್ ಆಲನ್ (1913–1973) ಎಂಬ ಕಲಾವಿದ ತನ್ನ ಮಾಡೆಲ್ ರೈಲುಗಳಿಗೆ ಮಸಿ, ತುಕ್ಕು ಹಚ್ಚಿ ಆ ಹವ್ಯಾಸದ ದಿಕ್ಕನ್ನೇ ಬದಲಿಸಿದ. ಬ್ರಿಟನ್ನಿನಲ್ಲಿ 1965ರ ‘ಥಂಡರ್‌ಬರ್ಡ್ಸ್’ ಟಿವಿ ಸರಣಿಗೆ ಡೆರೆಕ್ ಮೆಡಿಂಗ್ಸ್ ಬೇಕೆಂದೇ ಕೊಳಕಾಗಿಸಿದ ಮಾಡೆಲ್‌ಗಳನ್ನು ಬಳಸಿದ. ಹೊಸದಾಗಿ ಹೊಳೆಯುವ ಮಾಡೆಲ್ ಕ್ಯಾಮೆರಾ ಮುಂದೆ ಆಟಿಕೆಯಾಗಿಯೇ ಉಳಿಯುತ್ತದೆ. ಲಾರಿಪ್ರಿಯರು ಮಾತ್ರ ಒಂದು ಸಿನಿಮಾವನ್ನು ಮತ್ತೆ ಮತ್ತೆ ನೋಡುತ್ತಾರೆ: 1971ರಲ್ಲಿ ಸ್ಪೀಲ್‌ಬರ್ಗ್ ಟಿವಿಗಾಗಿ ತೆಗೆದ ‘ಡ್ಯುಯೆಲ್’. ಅದರ ಖಳನಾಯಕ ಒಂದು ಪೀಟರ್‌ಬಿಲ್ಟ್ 281 ಟ್ಯಾಂಕರ್. ಡ್ರೈವರನ ಮುಖ ನಮಗೆ ಕಾಣುವುದೇ ಇಲ್ಲ. ಅವನ ಗುಣವನ್ನೆಲ್ಲ ಆ ಲಾರಿಯ ಜಿಡ್ಡು, ತುಕ್ಕು, ಮುಂದಿನ ಬಂಪರಿಗೆ ಹೊಡೆದ ಬೇರೆ ಬೇರೆ ರಾಜ್ಯಗಳ ನಂಬರ್ ಪ್ಲೇಟುಗಳೇ ಹೇಳುತ್ತವೆ. ಹವ್ಯಾಸಿಗಳು ಈ ಟ್ಯಾಂಕರಿನ ಮಾಡೆಲ್ ಕಟ್ಟುವುದುಂಟು. ಯಾರಾದರೂ ಕಟ್ಟಿದ್ದು ಸಿಕ್ಕರೆ ಮೊದಲು ಆ ಬಂಪರ್ ನೋಡಿ.

ಎಲ್ಲ ಗಾಡಿಯೂ ಹಳತಾಗಿರಬೇಕೆಂದು ನಾನು ಹೇಳುತ್ತಿಲ್ಲ. ಕನ್ನಡಿಯಂತೆ ಪಾಲಿಷ್ ಮಾಡಿದ ಕಾರು ಬೇರೆಯೇ ಪರಂಪರೆ, ಅದರ ಶ್ರಮ ಅಗಾಧ. ಹಳತಾಗಿಸಿದ ಗಾಡಿಯಲ್ಲೂ ಎಲ್ಲಿ ಕೈ ತಡೆದರು ಎಂಬುದೇ ದೊಡ್ಡ ಪರೀಕ್ಷೆ. ಮೈಯೆಲ್ಲ ತುಕ್ಕಾದ ಲಾರಿಯ ಒಳಗೆ ಸೀಟು, ಸ್ಟಿಯರಿಂಗ್ ಹೊಚ್ಚಹೊಸದಾಗಿದ್ದರೆ ಕಥೆ ಅಲ್ಲಿಗೆ ನಿಂತಿತು. ಇನ್ನೊಂದು ಕಡೆ, ಹೊಸ ಬಾಗಿಲು ಕೂರಿಸಿದ ಹಳೆಯ ಕ್ಯಾಬಿನ್, ಹೊಂದದ ಬಣ್ಣದ ಒಂದು ಮಡ್‌ಗಾರ್ಡ್ ಇವು ಸಾವಿರ ಗೀರುಗಳಿಗಿಂತ ಹೆಚ್ಚು ಮಾತಾಡುತ್ತವೆ.

ನಮ್ಮ ಟಾಟಾ, ಲೇಲ್ಯಾಂಡ್ ಲಾರಿಗಳ ಕಿಟ್ ಅಂಗಡಿಯಲ್ಲಿ ಸಿಗುವುದು ಅಪರೂಪ. ಕೇರಳದಲ್ಲಿ, ಕರ್ನಾಟಕದಲ್ಲಿ ಸಾರಿಗೆ ಬಸ್ಸುಗಳನ್ನು ಫೋಮ್ ಶೀಟಿನಿಂದ ಕತ್ತರಿಸಿ ಕಟ್ಟುವ ಹುಡುಗರಿದ್ದಾರೆ. ಅವರ ಕೈಚಳಕಕ್ಕೆ ನಾನು ಸೋತಿದ್ದೇನೆ. ಆದರೆ ಆ ಬಸ್ಸುಗಳು ಬಹುತೇಕ ಡಿಪೋದಿಂದ ಆಗಷ್ಟೇ ತೊಳೆದು ಬಂದಂತಿರುತ್ತವೆ. ಹಳತನ ಕಲಿಯಲು ಇಲ್ಲಿರುವಷ್ಟು ಪಾಠ ಬೇರೆಲ್ಲೂ ಇರಲಾರದು. ಸಂಡೂರಿನ ಅದಿರು ಲಾರಿ ಅಡಿಯಿಂದ ಮುಡಿಯವರೆಗೆ ಕೆಂಪು. ಅದು ತುಕ್ಕಲ್ಲ, ಮಣ್ಣು. ವಾಡಿಯ ಸಿಮೆಂಟ್ ಲಾರಿಯ ಮೇಲೆ ಬೂದುಬಿಳುಪು ಪುಡಿ ನೀರು ತಾಕಿ ಗಟ್ಟಿಯಾಗಿ ಕೂತಿರುತ್ತದೆ. ಮಲ್ಪೆಯ ಮೀನುಗಾಡಿಯ ಹಿಂಬಾಗಿಲಿನಿಂದ ಸೋರಿದ ಉಪ್ಪುನೀರು ಚಾಸಿಯನ್ನು ಎಲ್ಲಿ ತಿಂದಿದೆ ಎಂಬುದನ್ನು ಬಗ್ಗಿ ನೋಡಿದರೆ ಸಾಕು, ಯಾವ ಪುಸ್ತಕವೂ ಬೇಡ.

ಮುಂದಿನ ಸಲ ಇಂಥ ಪುಟ್ಟ ಗಾಡಿ ಎದುರಾದಾಗ ಮುಟ್ಟಬೇಡಿ. ಒಣ ಪುಡಿ ಬೆರಳಿಗೆ ಅಂಟಿಬರುತ್ತದೆ. ಎಷ್ಟು ದಿನ ಹಿಡಿಯಿತು, ಎಷ್ಟು ಖರ್ಚಾಯಿತು ಎಂದೂ ಕೇಳಬೇಡಿ, ಎಲ್ಲರೂ ಕೇಳುವುದು ಅದನ್ನೇ. ಈ ಗಾಡಿ ಯಾವ ಊರಿನಲ್ಲಿ ಓಡಿತು, ಏನು ಹೊತ್ತಿತು, ಈ ಬಾಗಿಲಿಗೆ ಏನಾಯಿತು ಎಂದು ಕೇಳಿ. ಕಟ್ಟಿದವರಿಗೆ ಉತ್ತರ ಗೊತ್ತಿದ್ದರೆ ಅವರ ಪಕ್ಕದಲ್ಲಿ ಒಂದು ಕುರ್ಚಿ ಎಳೆದುಕೊಂಡು ಕೂತುಬಿಡಿ.